ಅಂಗದಾನ: ಅಕ್ಕ ಹೂಂ ಅಂತಾಳೆ, ಅವಳ ಅತ್ತೆ ಬೇಡ ಅಂತಾರೆ

ಪ್ರಶ್ನೆ: ಬೈಕ್ ಅಪಘಾತವಾಗಿ ನಮ್ಮ ಭಾವ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಬ್ರೈನ್ ಡೆತ್, ಅಂದರೆ ಮೆದುಳು ಪೂರ್ತಿ ಸತ್ತಿದೆ, ಇನ್ನು ವಾಪಸ್ ಬರಲ್ಲ ಅಂದಿದ್ದಾರೆ. ಅಕ್ಕ ದಾನಕ್ಕೆ ಒಪ್ಪಿದ್ದಾಳೆ. ಅವಳ ಅತ್ತೆ ಮಾತ್ರ "ಮೈ ಇನ್ನೂ ಬೆಚ್ಚಗಿದೆ, ಎದೆ ಆಡುತ್ತಿದೆ, ಹೇಗೆ ಕೊಯ್ಯೋಕೆ ಬಿಡಲಿ" ಅಂತ ಅಳುತ್ತಿದ್ದಾರೆ. ಭಾವ ಮುಂಚೆಯೇ ಆನ್‌ಲೈನ್‌ನಲ್ಲಿ ಅಂಗದಾನಕ್ಕೆ ಹೆಸರು ಕೊಟ್ಟಿದ್ದರು. ಅದು ಸಾಕಾಗಲ್ವಾ?

ಉತ್ತರ (ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಅಂದರೆ ಆಸ್ಪತ್ರೆಯಲ್ಲಿ ಅಂಗದಾನದ ಕೆಲಸ ನೋಡಿಕೊಳ್ಳುವವರು): ಸಾಕಾಗಲ್ಲ ಮೇಡಂ. ಹೆಸರು ಕೊಟ್ಟಿದ್ದರೂ ಮನೆಯವರ ಸಹಿ ಕೇಳುತ್ತಾರೆ. ಕಾನೂನಿನಲ್ಲಿ ಹೆಂಡತಿ, ತಾಯಿ ಇಬ್ಬರೂ ಹತ್ತಿರದ ಸಂಬಂಧಿಗಳೇ. ಆದರೆ ತಾಯಿ ಬೇಡ ಅಂತ ಅಳುತ್ತಿರುವಾಗ ಸೊಸೆ ಮುಂದೆ ನಾನಂತೂ ಫಾರಂ ಇಡುವುದಿಲ್ಲ, ನಾಳೆ ಆಕೆ ಅದೇ ಮನೆಯಲ್ಲಿ ಬಾಳಬೇಕಲ್ಲ.

ನನಗನ್ನಿಸುವುದು, ಆ ತಾಯಿಗೆ ಮಗ ಹೋಗಿದ್ದಾನೆ ಅನ್ನುವುದೇ ಇನ್ನೂ ನಂಬಿಕೆ ಬಂದಿಲ್ಲ. ದಾನದ ಮಾತು ಸದ್ಯಕ್ಕೆ ಬಿಡಿ, ಮೊದಲು ಇದನ್ನು ಅವರಿಗೆ ಬಿಡಿಸಿ ಹೇಳಿ. ಎದೆ ಆಡಿಸುತ್ತಿರುವುದು ವೆಂಟಿಲೇಟರ್. ಆಕ್ಸಿಜನ್ ಸಿಕ್ಕರೆ ಹೃದಯ ಸ್ವಲ್ಪ ಕಾಲ ತಾನಾಗಿ ಬಡಿಯುತ್ತದೆ, ಉಸಿರಿಗೆ ಮಾತ್ರ ಮೆದುಳು ಬೇಕು. ಕೋಮಾ ಬೇರೆ, ಇದು ಬೇರೆ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ಡಾಕ್ಟರುಗಳ ತಂಡ ಎರಡು ಸಲ, ಕನಿಷ್ಠ 6 ಗಂಟೆ ಬಿಟ್ಟು, ಪರೀಕ್ಷೆ ಮಾಡಿ ಬರೆದುಕೊಡಬೇಕು. ಕಸಿ ಮಾಡುವವರು ಆ ತಂಡದಲ್ಲಿ ಇರುವಂತಿಲ್ಲ. ಅಂಗಕ್ಕೋಸ್ಕರ ಸುಮ್ನೆ ಸತ್ತಿದ್ದಾನೆ ಅಂತಾರೆ ಅನ್ನೋ ಅನುಮಾನ ತುಂಬಾ ಮನೆಗಳಲ್ಲಿ ಇರುತ್ತದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ವೆಂಟಿಲೇಟರ್ ಬಿಡಿಸಿ ಉಸಿರು ಬರುತ್ತದಾ ಅಂತ ನೋಡುವ ಪರೀಕ್ಷೆಯ ಹೊತ್ತಿಗೆ ಮನೆಯವರೊಬ್ಬರು ಜೊತೆಗಿರಬಹುದಾ ಅಂತ ಡಾಕ್ಟರನ್ನು ಕೇಳಿ.

ಆಮೇಲೆ ಅವರಿಗೆ "ಕೊಡ್ತೀರಾ" ಅಂತ ಕೇಳಬೇಡಿ. "ಅವನಿದ್ದಿದ್ದರೆ ಏನನ್ನುತ್ತಿದ್ದ" ಅಂತ ಕೇಳಿ. ಹೆಸರು ಕೊಟ್ಟಿದ್ದು ಕೆಲಸಕ್ಕೆ ಬರುವುದು ಇಲ್ಲೇ.

ಪ್ರಶ್ನೆ: ಪೊಲೀಸ್ ಕೇಸ್ ಆಗಿದೆ ಸರ್. ಮತ್ತೆ ಬಿಲ್ಲು? ಯಾರಿಗೆ ಕೊಡುತ್ತಾರೆ?

ಉತ್ತರ: ಪೊಲೀಸರ ಒಪ್ಪಿಗೆ, ಪೋಸ್ಟ್‌ಮಾರ್ಟಂ ಎರಡನ್ನೂ ಹೊಂದಿಸಿಕೊಳ್ಳಲು ನಿಮ್ಮ ಆಸ್ಪತ್ರೆಯ ಕೋಆರ್ಡಿನೇಟರ್ ನೆರವಾಗುತ್ತಾರೆ. ದಾನಕ್ಕೆ ಒಪ್ಪಿದ ಮೇಲೆ ದೇಹ ಕಾಯುವ, ಅಂಗ ತೆಗೆಯುವ ಖರ್ಚು ನಿಮ್ಮ ತಲೆಗೆ ಹಾಕುವಂತಿಲ್ಲ. ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ಬೇರೆ, ಅದನ್ನು ಈಗಲೇ ಬರೆಸಿಕೊಳ್ಳಿ. ಅಂಗ ಯಾರಿಗೆ ಅನ್ನುವುದು ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಕಾಯುವ ಪಟ್ಟಿ ಪ್ರಕಾರ, ಮನೆಯವರು ಆರಿಸುವಂತಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಪ್ಪು ಥರ ಕಣ್ಣು ಮಾತ್ರ ಕೊಡಬಹುದಾ?

ಉತ್ತರ: ಕೊಡಬಹುದು. ಹೃದಯ ನಿಂತ ಮೇಲೂ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬಹುದು, 2021ರಲ್ಲಿ ಪುನೀತ್ ಅವರದ್ದು ಹಾಗೇ ಆಗಿದ್ದು. ಅದೇ ವರ್ಷ ಸಂಚಾರಿ ವಿಜಯ್ ಅವರದ್ದು ಬ್ರೈನ್ ಡೆತ್, ಹಾಗಾಗಿ ಕಿಡ್ನಿ, ಲಿವರ್ ಕೊಡಲು ಆಯಿತು. ಯಾವ ಅಂಗ ಅನ್ನುವುದನ್ನು ಫಾರಂನಲ್ಲಿ ನೀವೇ ಬರೆಯುತ್ತೀರಿ. ಕಣ್ಣು ಮಾತ್ರ ಮುಟ್ಟಬೇಡಿ ಅನ್ನುವ ತಾಯಂದಿರೂ ಇದ್ದಾರೆ, ಅದನ್ನು ಬಿಟ್ಟು ಉಳಿದದ್ದಕ್ಕೆ ಸಹಿ ಹಾಕಿದರೂ ಆಗುತ್ತದೆ.