ಸರ್ವರ್ ರೂಮ್ ಬೇಸ್‌ಮೆಂಟ್‌ನಲ್ಲಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ. ಬೆಂಗಳೂರಿನ ಔಟರ್ ರಿಂಗ್ ರೋಡ್ ಹತ್ತಿರ ನಾಲ್ಕು ಮಹಡಿಯ ಕಟ್ಟಡ ಬಾಡಿಗೆಗೆ ನೋಡಿದ್ದೇವೆ. ಆರು ರ‍್ಯಾಕ್ ಇಡಬೇಕು, ಅಂದ್ರೆ ಸರ್ವರ್ ಜೋಡಿಸುವ ಎತ್ತರದ ಕಪಾಟುಗಳು. ಬೇಸ್‌ಮೆಂಟ್ ಖಾಲಿ ಇದೆ, ತಣ್ಣಗೂ ಇದೆ, ಅಲ್ಲೇ ಇಡೋಣ ಅಂತಾರೆ ಮ್ಯಾನೇಜರ್. ಇಲ್ಲಾಂದ್ರೆ ಕೊನೇ ಮಹಡಿ. ಡೇಟಾ ಸೆಂಟರ್ ಕೆಲಸ ಮಾಡಿದವರು ಹೇಳಿ, ಯಾವುದು ಸೇಫ್?

ಉತ್ತರ: ಎರಡೂ ಬೇಡ ಸರ್. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಬೇಸ್‌ಮೆಂಟ್‌ನಿಂದ ನೀರು ಹೊರಹಾಕೋ ಪಂಪ್ ಇದೆ ಅಂತ ಧೈರ್ಯ ಮಾಡಬೇಡಿ. ನೀರು ತುಂಬಿದರೆ ಶಾಕ್ ಹೊಡೆಯಬಾರದು ಅಂತ ಕರೆಂಟ್ ತೆಗೆಯುತ್ತಾರೆ, ಆಗ ಪಂಪೂ ನಿಲ್ಲುತ್ತದೆ. ಕೊನೇ ಮಹಡಿಗೆ ತಾರಸಿ ಸೋರುವ ಭಯ, ತಲೆ ಮೇಲೆ ಓವರ್‌ಹೆಡ್ ಟ್ಯಾಂಕ್, ಬಿಸಿಲಿಗೆ ಸ್ಲ್ಯಾಬ್ ಕಾದು ಎಸಿ ಬಿಲ್ಲೂ ಜಾಸ್ತಿ.

ಒಂದು ಅಥವಾ ಎರಡನೇ ಮಹಡಿಯಲ್ಲಿ, ಹೊರಗೋಡೆಗೆ ತಾಗದ, ಕಿಟಕಿ ಇಲ್ಲದ ಕೋಣೆ ನೋಡಿ. ಅದರ ನೇರ ಮೇಲೆ ಏನಿದೆ ಅಂತ ಮೇಲಿನ ಮಹಡಿಗೆ ಹೋಗಿ ನಿಂತು ನೋಡಿ. ಟಾಯ್ಲೆಟ್ಟೋ ಪ್ಯಾಂಟ್ರಿಯೋ ಇದ್ದರೆ ಆ ಕೋಣೆ ಬಿಟ್ಟುಬಿಡಿ. ಫಾಲ್ಸ್ ಸೀಲಿಂಗ್‌ನ ಎರಡು ಟೈಲ್ ಎತ್ತಿ ಟಾರ್ಚ್ ಹಾಕಿ. ಸ್ಲ್ಯಾಬ್ ಅಡಿಯಲ್ಲಿ ಕಂದು ಕಲೆ, ಉಪ್ಪಿನಂಥ ಬಿಳಿ ಪುಡಿ ಕಂಡರೆ ಅಲ್ಲಿ ನೀರು ಇಳಿದಿದೆ, ಓನರ್ ಏನೇ ಹೇಳಲಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಎರಡನೇ ಮಹಡಿಯಲ್ಲಿ ಅಂಥ ಕೋಣೆ ಇದೆ, ಮೇಲೆ ಮೀಟಿಂಗ್ ರೂಮ್. ಯುಪಿಎಸ್, ಜನರೇಟರ್ ಪ್ಯಾನೆಲ್ ಮಾತ್ರ ಬೇಸ್‌ಮೆಂಟ್‌ನಲ್ಲಿ ಇಟ್ಟರೆ ನಡೆಯುತ್ತಾ?

ಉತ್ತರ: ದಯವಿಟ್ಟು ಬೇಡ. 2012ರ ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಬ್ರಾಡ್ ಸ್ಟ್ರೀಟ್‌ನ ಒಂದು ಕಟ್ಟಡದಲ್ಲಿ ಆಗಿದ್ದು ಇದೇ. ಸರ್ವರ್, ಜನರೇಟರ್ ಎಲ್ಲಾ ಮೇಲಿದ್ದವು, ಒಣಗೇ ಇದ್ದವು. ಆದರೆ ಡೀಸೆಲ್ ಮೇಲೆ ಕಳಿಸುವ ಪಂಪ್ ಬೇಸ್‌ಮೆಂಟ್‌ನಲ್ಲಿ ಮುಳುಗಿತು. ಪಾಪ, ಅಲ್ಲಿನ ಕೆಲಸಗಾರರು ಬಕೆಟ್‌ನಲ್ಲಿ ಡೀಸೆಲ್ ಹಿಡಿದು ಮೆಟ್ಟಿಲು ಹತ್ತಿ 17ನೇ ಮಹಡಿಗೆ ಹೊತ್ತರು. ಹಾಗಾಗಿ ಕರೆಂಟ್ ಒಳಗೆ ಬರುವ ಜಾಗದಿಂದ ರ‍್ಯಾಕ್‌ವರೆಗೆ ಕೇಬಲ್ ಹಿಡಿದು ನಡೆಯುತ್ತಾ ಹೋಗಿ, ದಾರಿಯಲ್ಲಿ ಯಾವ ಪೆಟ್ಟಿಗೆ ನೆಲಮಟ್ಟಕ್ಕಿಂತ ಕೆಳಗಿದೆಯೋ ಅದನ್ನು ಮೇಲೆತ್ತಿಸಿ.

ಇನ್ನೊಬ್ಬರು: ಮೇಲೆ ಇಟ್ಟರೆ ಭಾರ ತಡೆಯುತ್ತಾ ಸರ್?

ಉತ್ತರ: ಒಳ್ಳೇ ಪ್ರಶ್ನೆ ಮೇಡಂ, ಇದನ್ನು ತುಂಬಾ ಜನ ಮರೆಯುತ್ತಾರೆ. ಆಫೀಸ್ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250ರಿಂದ 400 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ. ತುಂಬಿದ ರ‍್ಯಾಕ್ ಒಂದೇ 800 ಕೆಜಿ ದಾಟಬಹುದು, ಅದು ಕೂರುವ ಜಾಗ ಒಂದು ಚದರ ಮೀಟರೂ ಇಲ್ಲ. ಯುಪಿಎಸ್‌ನ 100 ಎಎಚ್ ಬ್ಯಾಟರಿ ಒಂದೊಂದೂ ಸುಮಾರು 30 ಕೆಜಿ, ಅವನ್ನು ಒಂದೇ ಮೂಲೆಯಲ್ಲಿ ಪೇರಿಸಬೇಡಿ. ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆಯೇ ಕಟ್ಟಡದ ಡ್ರಾಯಿಂಗ್ ತರಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಬೀಮ್ ಎಲ್ಲಿದೆ ನೋಡಿ ರ‍್ಯಾಕ್ ಸಾಲು ಎಲ್ಲಿ ಬರಬೇಕು ಅಂತ ಅವರೇ ಗುರುತು ಹಾಕಿಕೊಡುತ್ತಾರೆ.