ಅಪ್‌ಡೇಟ್: ಡಿಸ್ಟಾರ್ಷನ್ ಪೆಡಲ್ ಕೊಂಡಾಯಿತು

ಮಡಿಕೇರಿಯ ಮನೆಯಲ್ಲಿ ಸಣ್ಣ ಧ್ವನಿವರ್ಧಕ ಆಂಪ್‌ನೊಂದಿಗೆ ಗಿಟಾರ್ ನುಡಿಸಲು, ಅದರ ಸದ್ದನ್ನು ಒರಟಾಗಿಸುವ ಕಾಲಿನಿಂದ ಒತ್ತುವ ಪೆಟ್ಟಿಗೆಗಳಲ್ಲಿ (ಡಿಸ್ಟಾರ್ಷನ್ ಪೆಡಲ್) ಬಾಸ್ ಕಂಪನಿಯ ಡಿಎಸ್-1 ಒಳ್ಳೆಯದೋ, ಪ್ರೊಕೋ ರ‍್ಯಾಟ್ ಒಳ್ಳೆಯದೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕೊನೆಗೆ ರ‍್ಯಾಟ್ ಕೊಂಡಿದ್ದೇನೆ.

ನಿಮ್ಮಲ್ಲೊಬ್ಬರು ಸೂಚಿಸಿದಂತೆ, ಕೊಳ್ಳುವ ಮೊದಲು ವಿರಾಜಪೇಟೆಯ ಗೆಳೆಯರಿಂದ ಎರಡನ್ನೂ ಎರವಲು ತಂದು, ಒಂದೇ ಗಿಟಾರ್‌ನಲ್ಲಿ ಹೋಲಿಸಿ ನೋಡಿದೆ. ಎರಡೂ ಪೆಡಲ್‌ಗಳು ಡಯೋಡ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗಗಳಿಂದ ಸಿಗ್ನಲ್‌ನ ತುದಿಗಳನ್ನು ಕತ್ತರಿಸಿಯೇ ಡಿಸ್ಟಾರ್ಷನ್ ಹುಟ್ಟಿಸುತ್ತವೆಯಾದರೂ, 1978ರಲ್ಲಿ ಬಂದ ಡಿಎಸ್-1ರ ಟೋನ್ ಸರ್ಕ್ಯೂಟ್ ಮಧ್ಯದ ಆವರ್ತನಗಳನ್ನು ತಗ್ಗಿಸುವುದರಿಂದ, ನನ್ನ ಆಂಪ್‌ನ ಪುಟ್ಟ ಸ್ಪೀಕರಿನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ತೆಳುವಾಗಿ, ಜೇನುನೊಣಗಳ ಗುಂಯ್‌ಗುಡುವಿಕೆಯಂತೆ ಕೇಳಿಸಿದವು. ದೊಡ್ಡ ಆಂಪ್ ಇದ್ದವರಿಗೆ ಅದೇ ಇಷ್ಟವಾಗಬಹುದು.

ರ‍್ಯಾಟ್‌ನ ಫಿಲ್ಟರ್ ಗುಂಡಿಯನ್ನು ಬಲಕ್ಕೆ ತಿರುಗಿಸಿದಷ್ಟೂ ತೀಕ್ಷ್ಣತೆ ಕಡಿಮೆಯಾಗುತ್ತದೆ, ಅಂದರೆ ಸಾಮಾನ್ಯ ಟೋನ್ ಗುಂಡಿಗೆ ತದ್ವಿರುದ್ಧ. ಅದನ್ನು ನಡುವಿನಿಂದ ತುಸು ಬಲಕ್ಕಿಟ್ಟು, ಡಿಸ್ಟಾರ್ಷನ್ ಅನ್ನು ಕಾಲುಭಾಗದಷ್ಟೇ ಏರಿಸಿದರೆ ಪ್ರತಿ ತಂತಿಯೂ ಸ್ಪಷ್ಟವಾಗಿ ಕೇಳುತ್ತದೆ. ಗಿಟಾರ್‌ನ ವಾಲ್ಯೂಮ್ ಇಳಿಸಿದರೆ ಕರ್ಕಶತೆಯೂ ತಗ್ಗುತ್ತದೆ. ನನ್ನನ್ನು ಒಪ್ಪಿಸಿದ್ದು ಇದೇ.

ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ನಮ್ಮ ಕೊಡಗಿನಲ್ಲಿ ಬ್ಯಾಟರಿ ಆಂಪ್ ಜೊತೆ ಬಳಸುವವರಿಗೊಂದು ಮಾತು: ಪೆಡಲ್ ಆಫ್ ಇದ್ದರೂ ಇನ್‌ಪುಟ್‌ನಲ್ಲಿ ಕೇಬಲ್ ಇದ್ದಷ್ಟು ಹೊತ್ತು 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಆದ್ದರಿಂದ ನುಡಿಸಿ ಮುಗಿದೊಡನೆ ಕೇಬಲ್ ಕಿತ್ತಿಡಿ.