ಬೇಸಿಗೆ ರಜೆಗೆ ದಿನಕ್ಕೊಂದು ಕತೆ: ನೀವು ಎಲ್ಲಿಂದ ತಂದಿರಿ?

ಕೇಳಿದವರು, ಹಾಸನ

ರಜೆಗೆ ಮನೆಯಲ್ಲಿರುವ ನಮ್ಮ ಬೀದಿಯ ಹದಿನೈದು ಮಕ್ಕಳಿಗೆ ದಿನಾ ಸಂಜೆ ಕತೆ ಹೇಳುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ. ಆರರಿಂದ ಹನ್ನೆರಡು ವರ್ಷದವರು. ಸುಮ್ನೆ ಕರೆದರೆ ಬರಲ್ಲ ಅಂತ ದಿನಕ್ಕೊಂದು ನೆಪ ಹುಡುಕಿದೆ. ಬಸವ ಜಯಂತಿ, ಭರಣಿ ಮಳೆ ಇದ್ದೇ ಇವೆ. ಜೊತೆಗೆ ಮೇ 8 ಕತ್ತೆಗಳ ದಿನ, ಮೇ 20 ಜೇನ್ನೊಣದ ದಿನ, ಮೇ 23 ಆಮೆಗಳ ದಿನ ಅಂತ ತಮಾಷೆಯವೂ ಸಿಕ್ಕಿವೆ. ದಿನಗಳು ಸಿಕ್ಕವು, ಕತೆಗಳೇ ಇಲ್ಲ. ಆದಷ್ಟು ನಮ್ಮ ಕಡೆಯ ಜನಪದ ಕತೆಗಳು ಬೇಕು. ಮಾಡಿ ನೋಡಿದವರು ಹೇಳಿ.

ಅರಸೀಕೆರೆ ಕಡೆಯವರು

ಅಕ್ಕ, ಮೊದಲ ವರ್ಷ ನಾನೂ ಹೀಗೇ ಕ್ಯಾಲೆಂಡರ್ ಹಿಡಿದುಕೊಂಡು ಓಡಾಡಿದೆ. ನಮ್ಮತ್ತೆ ಮುಂದೆ ಮೊಬೈಲ್ ಹಿಡಿದು, "ಒಂದು ಕತೆ ಹೇಳಿ ಅತ್ತೆ, ರೆಕಾರ್ಡ್ ಮಾಡ್ಕೋತೀನಿ" ಅಂದೆ. "ನಂಗೇನ್ ಬತ್ತದೆ, ಎಲ್ಲಾ ಮರ್ತೋಯ್ತು" ಅಂತ ಎದ್ದು ಹೋದರು.

ಆಮೇಲೊಂದು ದಿನ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದೆವು. ಸಂಡಿಗೆಗೆ ಕಾಗೆ ಬಂತು ಅಂತ ಮಗ ಮಹಡಿಯಿಂದ ಕೂಗಿದ. "ಅದ್ರ ಮನೆ ಸಗಣೀದು, ಮಳೆಗೆ ಕರಗೋಯ್ತು. ಪಾಪ, ಒಂದು ತಿನ್ಲಿ ಬಿಡು" ಅಂದರು ಅತ್ತೆ. ಅಲ್ಲಿಂದ ಕಾಗಕ್ಕ ಗುಬ್ಬಕ್ಕ ಶುರುವಾಯಿತು. ಹುಣಸೆಹಣ್ಣು ಮುಗಿಯುವಷ್ಟರಲ್ಲಿ ನಾಲ್ಕು ಕತೆ ಆಗಿದ್ದವು. ಮೊಬೈಲ್ ಒಳಗೆ ಚಾರ್ಜಿಗೆ ಇತ್ತು, ನನ್ನ ಹಣೆಬರಹ.

ಹಾಗಾಗಿ "ಕತೆ ಹೇಳಿ" ಅಂತ ಕೇಳಲೇಬೇಡಿ. "ಭರಣಿ ಮಳೆ ಬಂದಾಗ ನಿಮ್ಮನೇಲಿ ಏನು ಮಾಡ್ತಿದ್ರಿ?", "ಯುಗಾದಿಗೆ ಹೊನ್ನಾರು (ವರ್ಷದ ಮೊದಲ ಉಳುಮೆ) ಯಾರು ಕಟ್ತಿದ್ರು?" ಅಂತ ಕೇಳಿ. ಕೈಗೆ ಏನಾದರೂ ಕೆಲಸ ಇರಲಿ. ಮಧ್ಯೆ ಮಧ್ಯೆ ಹೂಂಗುಟ್ಟಬೇಕು, ಇಲ್ಲದಿದ್ದರೆ ನಿಲ್ಲಿಸಿಬಿಡುತ್ತಾರೆ.

ಕಾಗಕ್ಕ ಗುಬ್ಬಕ್ಕನ ಕತೆಯನ್ನು ಮಳೆ ಬಂದ ಸಂಜೆಗೇ ಇಟ್ಟುಕೊಳ್ಳಿ. ಮನೆ ಕಳಕೊಂಡ ಕಾಗಕ್ಕ ನೆನೆಯುತ್ತಾ ಬಂದು ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಳಗಿಂದ "ತಾಳು, ಮಗೂಗೆ ನೀರು ಹಾಕ್ತಿದೀನಿ", "ತಾಳು, ಮಗೂನ ಮಲಗಿಸ್ತಿದೀನಿ" ಅಂತ ಸತಾಯಿಸುತ್ತಾಳೆ. ಹೊರಗೆ ನಿಜವಾಗಿ ಮಳೆ ಸುರಿಯುತ್ತಿದ್ದರೆ ಮಕ್ಕಳು ಆ "ತಾಳು"ವನ್ನು ತಾವೇ ಕೂಗುತ್ತಾರೆ. ನಮ್ಮಲ್ಲಿ ಒಬ್ಬಳು "ಗುಬ್ಬಕ್ಕನೇ ಕೆಟ್ಟವಳು" ಅಂತ ಜಗಳಕ್ಕೇ ನಿಂತಳು. ಅರ್ಧ ಗಂಟೆ ಅದೇ ಆಯಿತು, ನನಗೆ ಖುಷಿ.

ಮೊದಲ ದಿನಕ್ಕೆ ಒಂದು ಕತೆ ಹೇಳುತ್ತೇನೆ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಕತೆಗಳಲ್ಲಿ ಇದೂ ಒಂದು. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿ ಎರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಗೆ ಬಂದುಬಿಟ್ಟವು. ಕತೆ ಒಂದು ಜೊತೆ ಬೂಟಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನೇ "ಯಾರದು ಇದು?" ಅಂದ. ಅವಳಿಗೇನು ಗೊತ್ತು? ಅವನು ಸಿಟ್ಟಾಗಿ ಹನುಮಂತರಾಯನ ಗುಡಿಯಲ್ಲಿ ಮಲಗಲು ಹೋದ. ಆರಿಸಿದ ಮೇಲೆ ಊರಿನ ದೀಪದ ಕುಡಿಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೆಯುತ್ತವಂತೆ. ಅವತ್ತು ತಡವಾಗಿ ಬಂದದ್ದು ಇವನ ಮನೆಯ ದೀಪ. ಮುಂದಿನದು ನೀವು ಹೇಳಿ. ಕರೆಂಟ್ ಹೋದ ಹೊತ್ತಾದರೆ ಇನ್ನೂ ಚೆನ್ನ.

ಸಕಲೇಶಪುರ, ತೋಟದವರು

ನಮ್ಮ ಕಡೆ ರಜೆ ಹತ್ತಿರ ಬರುವಾಗ ಹೂಮಳೆ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?" ಅಂದರೆ ಬೇರೆ ಊರಲ್ಲಿ ಮಲ್ಲಿಗೆ ಅಂತಾರೆ. ನಮ್ಮ ಮಕ್ಕಳು ಕಾಫಿ ಹೂ ಅಂತ ಕೂಗುತ್ತವೆ. ನಾನೂ ಸರಿ ಅಂದುಬಿಡುತ್ತೇನೆ.

ಆ ಹೊತ್ತಿಗೆ ಹೂವಿನ ಗಿಡವಾಗುವ ಹುಡುಗಿಯ ಕತೆ ಹೇಳುತ್ತೇನೆ. ಎರಡು ಬಿಂದಿಗೆ ನೀರು. ಒಂದನ್ನು ಸುರಿದರೆ ಗಿಡ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಒಂದು ಎಲೆಯೂ ಮುರಿಯದ ಹಾಗೆ ಹೂ ಕೀಳಬೇಕು. ನಾದಿನಿ ಮತ್ತು ಅವಳ ಗೆಳತಿಯರು ಕೊಂಬೆ ಮುರಿಯುವ ಭಾಗಕ್ಕೆ ಬಂದಾಗ ನನ್ನ ಮಗಳು ಕಿವಿ ಮುಚ್ಚಿಕೊಂಡಳು. ಚಿಕ್ಕವರಿಗೆ ಮದುವೆಯವರೆಗೆ ಹೇಳಿ ನಿಲ್ಲಿಸಿದರೆ ಸಾಕು. ಮಾರನೇ ದಿನ ಬಾಬಾ ಬುಡನ್ ಅವರು ಯೆಮೆನ್ನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಚಂದ್ರದ್ರೋಣದ ಬೆಟ್ಟಕ್ಕೆ ತಂದರೆನ್ನುವ ಐತಿಹ್ಯ. ಕೈಗೆ ಏಳು ಬೀಜ ಕೊಟ್ಟು "ಎಲ್ಲಿ ಬಚ್ಚಿಡ್ತೀರಿ?" ಅಂತ ಕೇಳಿ. ಮಕ್ಕಳು ಇಡುವ ಜಾಗ ಕೇಳಿದರೆ ನಕ್ಕು ಸಾಕಾಗುತ್ತದೆ.

ಒಬ್ಬರು ಮೇಷ್ಟ್ರು, ಹೊಳೆನರಸೀಪುರ

ಕತ್ತೆಗೆ ಹುಲಿ ಚರ್ಮ ಹೊದ್ದ ಕತ್ತೆ. ಆಮೆಗೆ ಹಂಸಗಳ ಜೊತೆ ಹಾರಿದ ಬಾಯಿಬಡುಕ ಆಮೆ. ಮುಗಿಯಿತು.

ಅರಸೀಕೆರೆ ಕಡೆಯವರು

ಮೇಷ್ಟ್ರೇ, ಅವು ಪಂಚತಂತ್ರದವು, ಜನಪದ ಕೇಳಿದ್ದಲ್ವಾ?

ಅದೇ ಮೇಷ್ಟ್ರು

ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಗುತ್ತಾ ಬಂತು ತಾಯಿ. ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ, ಆ ಆಮೆ ಗೊತ್ತಿತ್ತು. ಇನ್ನೆಷ್ಟು ಜನಪದ ಬೇಕು?

ಚಿಕ್ಕಮಗಳೂರಿನಿಂದ

ಒಂದು ದಿನ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ, ಹುಲಿಯ ಮೇಲೆ ಬೀಳುತ್ತಿರುವ ಸಳನ ಶಿಲ್ಪದ ಎದುರೇ ಕತೆ ಹೇಳಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರಿನಲ್ಲಿ ನಡೆದದ್ದು ಅನ್ನುತ್ತಾರೆ. ಹುಲಿ ಬಂತು, ಗುರು "ಹೊಯ್, ಸಳ" ಅಂದರು, ಇವನು ಹೊಯ್ದ. ಗುರುವಿನ ಮಾತನ್ನು ಎಲ್ಲರೂ ಒಟ್ಟಿಗೆ ಕೂಗಲಿ. ಆದರೆ ಮಧ್ಯಾಹ್ನ ಹೋಗಬೇಡಿ. ಚಪ್ಪಲಿ ಬಿಟ್ಟು ಆ ಕಾದ ಕಲ್ಲಿನ ಮೇಲೆ ನಿಂತರೆ ಮಕ್ಕಳು ಕುಣಿಯುತ್ತವೆ, ಕತೆ ಯಾರಿಗೆ ಬೇಕು? ನಾವು ಹಾಗೇ ಕೆಟ್ಟೆವು.

ಹಾಸನದಲ್ಲೇ ಇದ್ದೀರಲ್ಲ, ಹಾಸನಾಂಬೆ ಗುಡಿಯ ಸೊಸೆ ಕಲ್ಲು ಮರೆಯಬೇಡಿ. ಬಾಗಿಲು ತೆಗೆಯುವುದು ದೀಪಾವಳಿ ಹೊತ್ತಿಗೆ, ನಿಜ. ಆದರೆ ಅತ್ತೆ ಹೊಡೆದಾಗ ದೇವಿಯನ್ನು ಕೂಗಿ ಕಲ್ಲಾದ ಸೊಸೆ, ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ ಅನ್ನುವ ಕತೆಗೆ ಕಾಲ ಬೇಕಿಲ್ಲ. ನೆಲದ ಮೇಲೆ ಅಕ್ಕಿಕಾಳು ಜೋಡಿಸಿ, ಒಂದು ಗೇಣು ಸರಿಯಲು ಎಷ್ಟು ವರ್ಷ ಅಂತ ಎಣಿಸಲು ಬಿಡಿ. ದೊಡ್ಡ ಹುಡುಗರು ಸಿಕ್ಕಿಬೀಳುವುದೇ ಅಲ್ಲಿ.

ಕಡೂರಿನವರು

ಒಂದು ಎಚ್ಚರಿಕೆ. ಕೆರೆ ಒಣಗಿದ ವರ್ಷ, ಸಂದರ್ಭಕ್ಕೆ ಸರಿಯಾಗಿದೆ ಅಂತ ಕೆರೆಗೆ ಹಾರವಾದ ಭಾಗೀರಥಿಯ ಕತೆ ಹೇಳಿದೆ. ಏಳು ವರ್ಷದ ಹುಡುಗಿಯೊಬ್ಬಳು ಅಮ್ಮನನ್ನು ರಾತ್ರಿಯಿಡೀ ಹಿಡಿದುಕೊಂಡೇ ಮಲಗಿದಳಂತೆ. ಅವರಮ್ಮ ಬಂದು ನನಗೆ ಚೆನ್ನಾಗಿ ಬೈದರು, ಬೈಯಬೇಕಾದ್ದೇ. ಅದು ಹೈಸ್ಕೂಲಿನವರಿಗೆ ಇರಲಿ. ಬಸವ ಜಯಂತಿಗೆ ಪುಣ್ಯಕೋಟಿ ಸಾಕು. ಅಲ್ಲೂ ಹುಲಿ ಸಾಯುತ್ತದೆ, ಆದರೂ ಮಕ್ಕಳು ಕೇಳುವುದು ಕರುವಿನ ಬಗ್ಗೆ.

ಕೇಳಿದವರು, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಮೊದಲ ದಿನ ದೀಪಗಳ ಹರಟೆ, ಕತ್ತೆ ಆಮೆ ಮೇಷ್ಟ್ರು ಹೇಳಿದ್ದೇ. ಜೇನ್ನೊಣದ ದಿನ ಕತೆ ಬಿಟ್ಟು ಒಗಟು ಇಟ್ಟಿದ್ದೇನೆ, ಗೆದ್ದವರಿಗೆ ಜೇನುತುಪ್ಪ ಹಚ್ಚಿದ ಚಪಾತಿ. ಇವತ್ತು ಅಮ್ಮನ ಹತ್ತಿರ ಹಲಸಿನ ಹಪ್ಪಳ ಮಾಡೋಣ ಅಂದೆ. "ಏನು ಇದ್ದಕ್ಕಿದ್ದ ಹಾಗೆ?" ಅಂತ ಅನುಮಾನದಿಂದ ನೋಡಿದರು. ಮೊಬೈಲನ್ನು ಮಣೆಯ ಕೆಳಗೆ ಇಟ್ಟಿದ್ದೇನೆ.